ಹೊರಕ್ಕೆ ವಾಲುವ ಕಾಲಿಗೊಂದು ಶೂ: ಓಟದ ಟಿಪ್ಪಣಿ

ಮಾರ್ಚ್ ಕೊನೆ

ಹಳೇ ಶೂ ಬೋರಲು ಹಾಕಿ ನೋಡಿದೆ. ಹಿಮ್ಮಡಿಯ ಹೊರಮೂಲೆ ಸವೆದಿದ್ದರೆ ತಲೆ ಕೆಡಿಸಿಕೊಳ್ಳಬೇಕಿಲ್ಲ, ಹಿಮ್ಮಡಿ ಊರಿ ಓಡುವ ಹೆಚ್ಚಿನವರದ್ದು ಅಲ್ಲೇ ಸವೆಯುತ್ತದೆ. ನನ್ನದರಲ್ಲಿ ಸವೆತ ಹೊರ ಅಂಚಿನುದ್ದಕ್ಕೂ ಹೋಗಿ, ಕಿರುಬೆರಳಿನ ಕೆಳಗೆ ರಬ್ಬರ್ ಮುಗಿದು ಬಿಳಿ ಫೋಮ್ ಇಣುಕುತ್ತಿದೆ. ಹೆಬ್ಬೆರಳಿನ ಕಡೆ ಗೆರೆಗಳು ಅಂಗಡಿಯಿಂದ ತಂದ ಹಾಗೇ ಇವೆ! ಅಂಡರ್‌ಪ್ರೊನೇಷನ್ ಅನ್ನುವುದು ಇದಕ್ಕೇ. ನೆಲ ಮುಟ್ಟಿದ ಪಾದ ಒಂಚೂರು ಒಳಕ್ಕೆ ಹೊರಳಿ ಪೆಟ್ಟು ಹಂಚಬೇಕು. ನನ್ನದು ಹೊರಳುವುದಕ್ಕೇ ಒಲ್ಲೆ ಅನ್ನುತ್ತದೆ. ಬಚ್ಚಲಿಂದ ಬಂದು ರೆಡ್ ಆಕ್ಸೈಡ್ ನೆಲದ ಮೇಲೆ ನಿಂತರೆ ಮೂಡುವುದು ಹಿಮ್ಮಡಿ ಮತ್ತು ಮುಂಗಾಲು, ನಡುವೆ ದಾರದಂಥ ಗೆರೆ. ಅಂದರೆ ಅಂಗಾಲಿನ ಕಮಾನು ಎತ್ತರ. ಆದರೆ ಕಮಾನು ಎತ್ತರ ಇದ್ದವರೆಲ್ಲ ಹೀಗೇ ಓಡುತ್ತಾರೆ ಅಂತೇನಿಲ್ಲ. ನಾನು ನಂಬುವುದು ಅಟ್ಟೆಯನ್ನು.

ಏಪ್ರಿಲ್

ಹಳೇ ಜೊತೆ ಕೊಟ್ಟಾತ "ಕಮಾನು ಎತ್ತರ, ಸಪೋರ್ಟ್ ಬೇಕು ಮೇಡಂ" ಅಂತ ಸ್ಟೆಬಿಲಿಟಿ ಶೂ ಕಟ್ಟಿ ಕಳಿಸಿದ್ದ. ಅಂಥ ಶೂ ಇರುವುದು ಪಾದ ಅತಿಯಾಗಿ ಒಳಕ್ಕೆ ಹೊರಳದಂತೆ ತಡೆಯಲು. ಮೊದಲೇ ಹೊರಕ್ಕೆ ವಾಲುವ ಕಾಲನ್ನು ಅದು ಇನ್ನಷ್ಟು ಆಚೆಗೆ ತಳ್ಳುತ್ತದೆ. ಈ ಸಲ ನ್ಯೂಟ್ರಲ್, ಅಂದರೆ ಅಂಥ ತಡೆ ಇಲ್ಲದ ಶೂ, ಬಿಟ್ಟು ಬೇರೆ ಮಾತಿಲ್ಲ. ಅಸಿಕ್ಸ್ ಕಂಪನಿಯ ಶೂಗಳಲ್ಲಿ ನಿಂಬಸ್, ಕ್ಯುಮುಲಸ್ ಸರಿ. ಕಯಾನೊ, ಜಿಟಿ-2000 ಬೇಡ, ಅವು ಸ್ಟೆಬಿಲಿಟಿ ಶೂ. ಬ್ರೂಕ್ಸ್‌ನಲ್ಲಿ ಘೋಸ್ಟ್, ಗ್ಲಿಸರಿನ್ ಸರಿ. ಹೆಸರಿನ ಬಾಲದಲ್ಲಿ ಜಿಟಿಎಸ್ ಇದ್ದರೆ ಅದು ಸಪೋರ್ಟ್ ಶೂ.

ಸಂಜೆ, ಕಾಲು ಊದಿಕೊಂಡಿರುವ ಹೊತ್ತಿಗೆ, ಓಡುವಾಗಿನ ಕಾಲುಚೀಲವನ್ನೇ ಹಾಕಿಕೊಂಡು ಹೋದೆ. ಹೋಕಾ ಕ್ಲಿಫ್ಟನ್ 9 ಹಗುರ, ಚೆಂದ. ಆದರೆ ಹಿಮ್ಮಡಿಗೂ ಮುಂಗಾಲಿಗೂ ಎತ್ತರದ ವ್ಯತ್ಯಾಸ 5 ಮಿ.ಮೀ. ಮಾತ್ರ, ನನ್ನ ಬಿಗಿ ಮೀನಖಂಡ ತಕ್ಷಣ ತಕರಾರು ತೆಗೆಯಿತು. ಇನ್ನೊಂದು ಶೂ ಬೆಣ್ಣೆಯಷ್ಟು ಮೃದು. ಒಂಟಿ ಕಾಲಲ್ಲಿ ನಿಂತೆ ನೋಡಿ, ಹೊರ ಅಂಚು ಕುಸಿದು ಹರಡು ತೊನೆಯತೊಡಗಿತು. ಮೆತ್ತೆ ಎಷ್ಟಿದೆ ಅನ್ನುವುದಕ್ಕಿಂತ ಆ ಮೆತ್ತೆಯ ಕೆಳಗೆ ಅಟ್ಟೆ ಎಷ್ಟು ಅಗಲ ಅನ್ನುವುದೇ ನಮ್ಮಂಥವರಿಗೆ ಮುಖ್ಯ. ಕೊನೆಗೆ ಉಳಿದದ್ದು ನಿಂಬಸ್. ಹೆಂಗಸರ ಅಚ್ಚಿನದಾದ್ದರಿಂದ ಹಿಮ್ಮಡಿ ಕಿರಿದು, ಜಾರುವುದಿಲ್ಲ. ಬಣ್ಣ ಮಾತ್ರ ಗುಲಾಬಿ, ಅಥವಾ ಗುಲಾಬಿ.

ಜೂನ್, ಮಳೆ ಹಿಡಿದ ಮೇಲೆ

ಕುಕ್ಕರಹಳ್ಳಿ ಕೆರೆ ಸುತ್ತಿನ ಮಣ್ಣುದಾರಿಯಲ್ಲಿ ಪರವಾಗಿಲ್ಲ. ಮೇಲಿನ ಹೆಚ್ಚುವರಿ ತೂತಿನಲ್ಲಿ ಲೇಸ್ ಕುಣಿಕೆ ಮಾಡಿ, ಎದುರು ಲೇಸ್ ಅದರೊಳಗೆ ತೂರಿಸಿ ಬಿಗಿದೆ, ಹಿಮ್ಮಡಿ ಅಲ್ಲಾಡುತ್ತಿಲ್ಲ. ಮೊಣಕಾಲಿನ ಹೊರಬದಿಯ ಎಳೆತವೂ ಇಳಿದಿದೆ.

ಬಲಗಾಲು ಮಾತ್ರ ಇನ್ನೂ ಹೊರಗೇ ಸವೆಯುತ್ತಿದೆ. ಎದುರು ಬರುವ ಗಾಡಿ ಕಾಣಲಿ ಅಂತ ಟಾರು ರಸ್ತೆಯ ಬಲ ಅಂಚಿನಲ್ಲೇ ಓಡುತ್ತೇನೆ. ನೀರು ಹರಿಯಲೆಂದು ರಸ್ತೆಯ ನಡು ಉಬ್ಬಿಸಿ ಅಂಚು ಇಳಿಸಿರುತ್ತಾರಲ್ಲ, ಆ ಇಳಿಜಾರಿನಲ್ಲಿ ತಗ್ಗಿನ ಕಡೆಯ ಪಾದ ಇನ್ನಷ್ಟು ಹೊರಕ್ಕೆ ವಾಲುತ್ತದೆ. ಇದಕ್ಕೆ ಯಾವ ಶೂವಿನಲ್ಲೂ ಮದ್ದಿಲ್ಲ. ಉದ್ದದ ಓಟಗಳನ್ನೆಲ್ಲ ಕೆರೆಗೇ ಬದಲಿಸಿದ್ದೇನೆ.

ಮುಂದೆ

ಫೋಮ್ ಸಾಮಾನ್ಯವಾಗಿ 500ರಿಂದ 800 ಕಿ.ಮೀ. ಬಾಳುತ್ತದೆ, ಒಂದೇ ಅಂಚಿನ ಮೇಲೆ ಭಾರ ಬಿಡುವ ನನಗೆ 500 ದಾಟಿದರೆ ಪುಣ್ಯ. ಸರದಿಗೆ ಎರಡನೇ ಜೊತೆ ಬೇಕು. ಘೋಸ್ಟ್ 16ರ ಎತ್ತರದ ವ್ಯತ್ಯಾಸ 12 ಮಿ.ಮೀ., ಮೀನಖಂಡಕ್ಕೆ ಹಿತ. ಅಷ್ಟು ದುಡ್ಡು ಈಗಿಲ್ಲ, ಹಬ್ಬದ ರಿಯಾಯಿತಿ ಬರಲಿ ಅಂತ ಕಾಯುತ್ತಿದ್ದೇನೆ.