ಹತ್ತು ಹಾಡಿನ ಬ್ಯಾಂಡ್

ದಿ ಎಕ್ಸ್‌ಪ್ಲೋಡಿಂಗ್ ಹಾರ್ಟ್ಸ್ ಎಂಬ ಬ್ಯಾಂಡ್ ಬಗ್ಗೆ ಯಾರೇ ಬರೆದರೂ ಅದರ ಮೂವರನ್ನು ಬಲಿ ತೆಗೆದುಕೊಂಡ ಅಪಘಾತದಿಂದಲೇ ಶುರು ಮಾಡುತ್ತಾರೆ. ನನಗೆ ಅದು ಇಷ್ಟವಾಗುವುದಿಲ್ಲ. ಮೊದಲು ಹಾಡು ಕೇಳಬೇಕು, ಅಲ್ವಾ?

ಇವರು ಅಮೆರಿಕದ ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್ ಹುಡುಗರು. ಆಡಂ ಕಾಕ್ಸ್ ಹಾಡುತ್ತಲೇ ಗಿಟಾರ್ ನುಡಿಸುತ್ತಿದ್ದ. ಇನ್ನೊಂದು ಗಿಟಾರ್ ಟೆರಿ ಸಿಕ್ಸ್‌ನದು. ಬೇಸ್‌ಗೆ ಮ್ಯಾಟ್ ಫಿಟ್ಜ್‌ಜೆರಾಲ್ಡ್, ಡ್ರಮ್ಸ್‌ಗೆ ಜೆರೆಮಿ ಗೇಜ್. 2003ರಲ್ಲಿ ಡರ್ಟ್‌ನ್ಯಾಪ್ ಅನ್ನುವ ಪುಟ್ಟ ಕಂಪನಿ ಇವರ ‘ಗಿಟಾರ್ ರೊಮ್ಯಾಂಟಿಕ್’ ಆಲ್ಬಂ ತಂದಿತು. ಹತ್ತು ಹಾಡು, ಎಲ್ಲ ಸೇರಿಸಿದರೂ ಅರ್ಧ ಗಂಟೆ ಆಗುವುದಿಲ್ಲ.

ಇವರದು ಪಾಪ್ ಪಂಕ್, ಅಂದರೆ ಪಂಕ್ ರಾಕ್‌ನ ಒರಟು ವೇಗಕ್ಕೆ ಪಾಪ್‌ನ ಸಿಹಿ ರಾಗ ಬೆರೆಸಿದ ಸಂಗೀತ. ಆಗ ರೇಡಿಯೋದಲ್ಲಿ ಬರುತ್ತಿದ್ದ ಪಾಪ್ ಪಂಕ್ ತುಂಬಾ ನುಣುಪು. ಗಿಟಾರ್ ದಪ್ಪ, ದನಿ ಸ್ಪಷ್ಟ, ಒಂದು ಕಡೆಯೂ ಗೀರಿಲ್ಲ. ಇವರದು ಪೂರ್ತಿ ಉಲ್ಟಾ. ಇವರ ಕಿವಿ ಇದ್ದದ್ದು 1970ರ ದಶಕದ ಕೊನೆಯ ಬಜ್‌ಕಾಕ್ಸ್, ಅಂಡರ್‌ಟೋನ್ಸ್‌ನಂಥ ಪಂಕ್ ಬ್ಯಾಂಡ್‌ಗಳ ಕಡೆಗೆ. ಗಿಟಾರ್‌ನಲ್ಲಿ ದಪ್ಪ ನಾದ ಕಡಿಮೆ, ಚುರುಕು ಜಾಸ್ತಿ. ಆಡಂ ದನಿ ಉದ್ದನೆಯ ಕಾರಿಡಾರಿನ ಆ ತುದಿಯಿಂದ ಬಂದಂತೆ ಕೇಳುತ್ತದೆ. ಎಷ್ಟೋ ಪದ ಅರ್ಥವೇ ಆಗುವುದಿಲ್ಲ. ಆದರೆ ಪಲ್ಲವಿ ಬಂದಾಗ ಉಳಿದವರೂ ದನಿಗೂಡಿಸುತ್ತಾರೆ ನೋಡಿ, ಅಲ್ಲಿ ಪದ ಬೇಕಾಗುವುದೇ ಇಲ್ಲ. ಎರಡನೇ ಹಾಡು ‘ಐ ಆಮ್ ಎ ಪ್ರಿಟೆಂಡರ್’ ಕೇಳಿ. ಒಂದೇ ಸಲ ಕೇಳಿದರೂ ಸಂಜೆವರೆಗೆ ಬಾಯಲ್ಲಿ ಗುನುಗುತ್ತಿರುತ್ತದೆ.

ನನಗೆ ಇನ್ನೂ ಹತ್ತಿರವಾದದ್ದು ‘ಸ್ಲೀಪಿಂಗ್ ಏಡ್ಸ್ ಆಂಡ್ ರೇಜರ್‌ಬ್ಲೇಡ್ಸ್’. ನಿದ್ದೆ ಮಾತ್ರೆ, ಬ್ಲೇಡು. ಹೆಸರು ಕೇಳಿದರೇ ಎದೆ ಭಾರ. ರಾಗ ಮಾತ್ರ ಹಳೆಯ ಕಾಲದ ಪ್ರೇಮಗೀತೆಯ ಹಾಗೆ ಸಿಹಿ. ಪಾಪ್ ಪಂಕ್‌ನ ಜೀವ ಇರುವುದೇ ಇಲ್ಲಿ ಅಂತ ನನ್ನ ನಂಬಿಕೆ. ಅಳು ಬರುವ ಮಾತನ್ನು ಕುಣಿಯುವ ರಾಗದಲ್ಲಿ ಹೇಳುವುದು. ದುಃಖವನ್ನು ಸುಮ್ನೆ ಕಿರುಚಿ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಅದಕ್ಕೆ ಇಷ್ಟು ಚಂದದ ರಾಗ ಕೊಡುವವರು ಕಡಿಮೆ.

2003ರ ಜುಲೈ 20. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕಾರ್ಯಕ್ರಮ ಮುಗಿಸಿ ಊರಿಗೆ ಮರಳುವಾಗ ಒರೆಗಾನ್‌ನ ಯೂಜೀನ್ ಹತ್ತಿರ ಹೆದ್ದಾರಿಯಲ್ಲಿ ಇವರ ವ್ಯಾನ್ ಉರುಳಿತು. ಆಡಂ, ಮ್ಯಾಟ್, ಜೆರೆಮಿ ಮೂವರೂ ಹೋದರು. ಎಲ್ಲರಿಗೂ ಇಪ್ಪತ್ತರ ಆಸುಪಾಸಿನ ವಯಸ್ಸು. ಟೆರಿ ಸಿಕ್ಸ್ ಮತ್ತು ಬ್ಯಾಂಡಿನ ಮ್ಯಾನೇಜರ್ ಉಳಿದರು. ಆಲ್ಬಂ ಬಂದು ಕೆಲವೇ ತಿಂಗಳಾಗಿತ್ತು.

ಸತ್ತಿದ್ದಕ್ಕೇ ಇವರಿಗೆ ಇಷ್ಟು ಹೆಸರು ಬಂತು ಅನ್ನುವ ಮಾತು ಆಗಾಗ ಕೇಳುತ್ತೇನೆ. ಸಿಟ್ಟು ಬರುತ್ತದೆ. ಅನುಕಂಪದಿಂದ ಒಂದು ಹಾಡನ್ನು ಒಂದು ಸಲ ಕೇಳಬಹುದು, ವರ್ಷಗಟ್ಟಲೆ ಕೇಳಲು ಆಗುವುದಿಲ್ಲ. ಏನೂ ಗೊತ್ತಿಲ್ಲದ ಗೆಳೆಯರಿಗೆ ಈ ಆಲ್ಬಂ ಹಾಕಿ ಕೇಳಿಸಿದ್ದೇನೆ. ಮೂರನೇ ಹಾಡಿನ ಹೊತ್ತಿಗೆ ಕಾಲು ತಾಳ ಹಾಕುತ್ತಿರುತ್ತದೆ, ‘ಯಾರು ಇವರು?’ ಅಂತ ಕೇಳುತ್ತಾರೆ.

ಚದುರಿದ್ದ ಹಾಡುಗಳನ್ನು ಒಟ್ಟುಮಾಡಿ 2006ರಲ್ಲಿ ‘ಶ್ಯಾಟರ್ಡ್’ ತಂದರು. ಆಲ್ಬಂಗೆ ಇಪ್ಪತ್ತು ವರ್ಷವಾದಾಗ, 2023ರಲ್ಲಿ, ಹೊಸದಾಗಿ ರೀಮಾಸ್ಟರ್ ಮಾಡಿ ಹೆಚ್ಚಿನ ಹಾಡುಗಳ ಜೊತೆ ಮತ್ತೆ ಬಿಟ್ಟರು. ಮೊದಲ ಸಲ ಕೇಳುವವರು ‘ಗಿಟಾರ್ ರೊಮ್ಯಾಂಟಿಕ್’ನ ಮೂಲ ಹತ್ತು ಹಾಡನ್ನೇ, ಅದೇ ಸಾಲಿನಲ್ಲಿ, ಮಧ್ಯೆ ಎಲ್ಲೂ ನಿಲ್ಲಿಸದೆ ಕೇಳಿ. ವಾಲ್ಯೂಮ್ ಸ್ವಲ್ಪ ಜಾಸ್ತಿಯೇ ಇರಲಿ.