ಮೂಲೆಯಲ್ಲಿ ಬರೆದ ಹೆಸರು ಸಾಲದು

ಯಕ್ಷಗಾನದ ಚಿತ್ರಗಳನ್ನು ತೆಗೆದು ಜಾಲತಾಣಗಳಲ್ಲಿ ಹಂಚಿಕೊಳ್ಳುವವರಿಗೆಲ್ಲ ಪರಿಚಿತವಾದ ಸಂಕಟವೊಂದಿದೆ. ಕಲಾವಿದರು ಬಣ್ಣ ಹಚ್ಚುವ ಚೌಕಿಯಲ್ಲೋ ರಂಗಸ್ಥಳದ ಎದುರಿನಲ್ಲೋ ಕಾದು ಕುಳಿತು ತೆಗೆದ ವೇಷದ ಚಿತ್ರ ಕೆಲವೇ ದಿನಗಳಲ್ಲಿ ಬೇರೆ ಯಾವುದೋ ಊರಿನ ಆಟದ ಫ್ಲೆಕ್ಸ್‌ನಲ್ಲಿ, ಛಾಯಾಗ್ರಾಹಕನ ಹೆಸರಿದ್ದ ಅಂಚನ್ನಷ್ಟೇ ಕತ್ತರಿಸಿಕೊಂಡು ಪ್ರತ್ಯಕ್ಷವಾಗುತ್ತದೆ.

ಚಿತ್ರದ ಅಂದ ಕೆಡಬಾರದೆಂದು ಹೆಚ್ಚಿನವರು ತಮ್ಮ ಹೆಸರಿನ ಗುರುತಾದ ವಾಟರ್‌ಮಾರ್ಕನ್ನು ಮೂಲೆಯಲ್ಲಿ ಹಾಕುತ್ತಾರೆ. ಅಲ್ಲಿದ್ದರೆ ಅದನ್ನು ತೆಗೆಯಲು ಕೌಶಲವೇ ಬೇಕಿಲ್ಲ. ಯಕ್ಷಗಾನದ ಉತ್ತರದ ಶೈಲಿಯಾದ ಬಡಗುತಿಟ್ಟಿನ ವೇಷವಾದರೆ ನಾನು ಹೆಸರನ್ನು ವೇಷಧಾರಿ ಉಡುವ ಕಸೆ ಸೀರೆಯ ಚೌಕಳಿಯ ಮೇಲೆ ಅರೆಪಾರದರ್ಶಕವಾಗಿ ಇಡುತ್ತೇನೆ. ರಾತ್ರಿಯಾಟದ ಕಪ್ಪು ಹಿನ್ನೆಲೆಯಲ್ಲಿರುವ ಅಕ್ಷರಗಳನ್ನು ಮೊಬೈಲಿನ ಆ್ಯಪ್ ಕೂಡ ಸುಲಭವಾಗಿ ಅಳಿಸಿಬಿಡುತ್ತದೆ, ಆದರೆ ಚೌಕಳಿಯ ಮೇಲಿನದನ್ನು ಅಳಿಸಹೊರಟರೆ ಗೆರೆಗಳು ಕದಡಿ, ಕೈಯಾಡಿಸಿದ್ದು ಎದ್ದು ಕಾಣುವ ಸಾಧ್ಯತೆ ಹೆಚ್ಚು. ಮುಖದ ಮೇಲೆ ಮಾತ್ರ ಎಂದೂ ಹಾಕಬಾರದು. ಗಂಟೆಗಟ್ಟಲೆ ಕುಳಿತು ಮುಖಕ್ಕೆ ಅಕ್ಕಿಹಿಟ್ಟಿನ ಚುಟ್ಟಿಯಿಟ್ಟ ಬಣ್ಣದ (ರಾಕ್ಷಸ) ವೇಷಧಾರಿಯ ಶ್ರಮವನ್ನು ನಮ್ಮ ಹೆಸರಿನಿಂದ ಮುಚ್ಚುವ ಹಕ್ಕು ನಮಗಿಲ್ಲ.

ಎಲ್ಲ ಚಿತ್ರಗಳಿಗೂ ಒಂದೇ ಮುದ್ರೆ ಒತ್ತುವುದರಲ್ಲಿಯೂ ಅಪಾಯವಿದೆ. ಒಂದೇ ಗುರುತುಳ್ಳ ನೂರಾರು ಚಿತ್ರಗಳನ್ನು ಹೋಲಿಸಿ, ಆ ಗುರುತನ್ನೇ ಪ್ರತ್ಯೇಕಿಸಿ, ಪ್ರತಿ ಚಿತ್ರದಿಂದಲೂ ಕಳೆದುಬಿಡಲು ಗಣಕಯಂತ್ರಕ್ಕೆ ಸಾಧ್ಯವೆಂದು ಗೂಗಲ್‌ನ ಸಂಶೋಧಕರು 2017ರಲ್ಲಿಯೇ ತೋರಿಸಿದ್ದರು. ಜಾಗ ಬದಲಿಸಿದರೆ ಸಾಲದು, ಪ್ರತಿ ಚಿತ್ರದಲ್ಲೂ ಅಕ್ಷರಗಳ ಆಕಾರವನ್ನು ತುಸು ಬಾಗಿಸಿದರೆ ಅಳಿಸಿದಲ್ಲಿ ಕಲೆ ಉಳಿಯುತ್ತದೆ ಎಂಬುದೂ ಅವರು ಕಂಡುಕೊಂಡ ಸಂಗತಿಯೇ. ಈಗಿನ ಕೃತಕ ಬುದ್ಧಿಮತ್ತೆಯ ಉಪಕರಣಗಳು ಇನ್ನೂ ಮುಂದಿರುವುದರಿಂದ, ವಾಟರ್‌ಮಾರ್ಕನ್ನೊಂದೇ ನೆಚ್ಚಿಕೊಳ್ಳದೆ, 1,200 ಪಿಕ್ಸೆಲ್‌ಗಿಂತ ದೊಡ್ಡ ಚಿತ್ರವನ್ನು ಏರಿಸದಿರುವುದು ಮತ್ತು ಕ್ಯಾಮೆರಾದ ಮೂಲ, ಸಂಸ್ಕರಿಸದ ರಾ (raw) ಕಡತವನ್ನು ಯಾರಿಗೂ ಕೊಡದೆ ಕಾಪಾಡಿಕೊಳ್ಳುವುದು ಅಗತ್ಯ. ವಿವಾದ ಎದ್ದಾಗ ಬಲವಾದ ಸಾಕ್ಷಿಯಾಗುವುದು ಆ ಕಡತವೇ.

ಹಾಗೆಂದು ಹೆಸರು ಹಾಕುವುದು ವ್ಯರ್ಥವಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿದ 65ಬಿ ಕಲಮು, ಕರ್ತೃವಿನ ಹೆಸರೂ ಸೇರಿದಂತೆ ಹಕ್ಕಿನ ವಿವರಗಳನ್ನು ಅನುಮತಿಯಿಲ್ಲದೆ, ತಿಳಿದೂ ತಿಳಿದೂ ತೆಗೆದುಹಾಕಿದವರಿಗೆ ಎರಡು ವರ್ಷಗಳವರೆಗಿನ ಸೆರೆವಾಸವನ್ನೂ ದಂಡವನ್ನೂ ವಿಧಿಸಲು ಅವಕಾಶ ನೀಡುತ್ತದೆ. ಆದರೆ ಸಂಘಟಕರು ಹಣ ಕೊಟ್ಟು ತೆಗೆಸಿದ ಚಿತ್ರವಾದರೆ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ ಅದರ ಹಕ್ಕು ಅವರದೇ ಎಂಬುದನ್ನು ಛಾಯಾಗ್ರಾಹಕರು ಮರೆಯಬಾರದು. ಮುಂಗಡ ಪಡೆಯುವ ಮೊದಲೇ ಈ ವಿಷಯವನ್ನು ಬರವಣಿಗೆಯಲ್ಲಿ ಇತ್ಯರ್ಥಪಡಿಸಿಕೊಳ್ಳುವುದು ಕ್ಷೇಮ.

ಮೇಳದವರು, ಸಂಘಟಕರು ಕೇಳಿದರೆ ವಾಟರ್‌ಮಾರ್ಕ್ ಇಲ್ಲದ ಚಿತ್ರವನ್ನು ನಾನು ಸಂತೋಷದಿಂದಲೇ ಕಳುಹಿಸುತ್ತೇನೆ. ವೇಷಧಾರಿಯ ಹೆಸರನ್ನೂ ಚಿತ್ರ ತೆಗೆದವರ ಹೆಸರನ್ನೂ ಓದಲು ಬರುವಷ್ಟು ದೊಡ್ಡದಾಗಿ ಅಚ್ಚು ಹಾಕಬೇಕೆಂಬುದಷ್ಟೇ ನನ್ನ ಷರತ್ತು.