ಚೀಫ್ ಡಿಫೆನ್ಸ್ ಕೌನ್ಸೆಲ್ ಆದರೆ ಪ್ರಾಕ್ಟೀಸ್ ಮುಗಿದ ಹಾಗೆಯೇ?

ಜಿಲ್ಲಾ ಕೋರ್ಟುಗಳಲ್ಲಿ ಹತ್ತು ಹನ್ನೆರಡು ವರ್ಷ ಕ್ರಿಮಿನಲ್ ಕೇಸು ನಡೆಸಿದ ವಕೀಲರು, ಬಡ ಆರೋಪಿಗಳ ಪರ ಉಚಿತವಾಗಿ ವಾದಿಸುವ ಸರ್ಕಾರಿ ಖರ್ಚಿನ ಕಚೇರಿಯ ಮುಖ್ಯಸ್ಥರ (ಚೀಫ್ ಡಿಫೆನ್ಸ್ ಕೌನ್ಸೆಲ್) ಹುದ್ದೆಯ ಬಗ್ಗೆ ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: “ಕಾನೂನು ಸೇವಾ ಪ್ರಾಧಿಕಾರದವರು ಚೀಫ್ ಹುದ್ದೆಗೆ ಅರ್ಜಿ ಕರೆದಿದ್ದಾರೆ. ಹಾಕಬಹುದಾ? ಖಾಸಗಿ ಕೇಸು ಎಲ್ಲಾ ಬಿಡಬೇಕಂತೆ. ಎರಡು ವರ್ಷ ಆದಮೇಲೆ ಸಾಕು ಅಂದರೆ ಮುಂದೇನು ಮಾಡೋದು?”

ಹಾಕಬಹುದು. ಪ್ರಾಕ್ಟೀಸ್ ಮುಗಿಯುವುದಿಲ್ಲ, ಹೋಗುವುದು ಕಕ್ಷಿದಾರರು. ಆ ನಷ್ಟ ನಿಜ, ಅದನ್ನು ಮುಚ್ಚಿಡಬಾರದು. ಆದರೆ ಈ ಹುದ್ದೆ ನಿಮ್ಮನ್ನು ಮುಂದಕ್ಕೆ ಒಯ್ಯುತ್ತದೆಯೇ ಎಂಬುದನ್ನು ತೀರ್ಮಾನಿಸುವುದು ಅದಲ್ಲ. ಅಲ್ಲಿ ಕೂತು ನೀವು ಒಂದು ಕಚೇರಿ ನಡೆಸುತ್ತೀರೋ, ಇಲ್ಲ ಸರ್ಕಾರಿ ಖರ್ಚಿನಲ್ಲಿ ನಿಮ್ಮದೇ ಫೈಲು ಹೊರುತ್ತೀರೋ, ಅದರ ಮೇಲೆ ಎಲ್ಲವೂ ನಿಂತಿದೆ.

ಹಿನ್ನೆಲೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಬಡವರಿಗೆ ಉಚಿತ ಕಾನೂನು ನೆರವು ಸಂವಿಧಾನದ 39ಎ ವಿಧಿಯಲ್ಲಿದೆ. ವಕೀಲರಿಲ್ಲದ ಆರೋಪಿಗೆ ಸರ್ಕಾರದ ಖರ್ಚಿನಲ್ಲಿ ವಕೀಲರನ್ನು ಕೊಡಬೇಕೆಂಬುದು ಮೊದಲು ದಂಡ ಪ್ರಕ್ರಿಯಾ ಸಂಹಿತೆಯ 304ನೇ ಕಲಮಿನಲ್ಲಿತ್ತು, ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 341ನೇ ಕಲಮಿನಲ್ಲಿದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನ ಪ್ರಕಾರ ಬಂಧನದಲ್ಲಿರುವವರ ಆದಾಯ ಎಷ್ಟೇ ಇರಲಿ, ಅವರು ನೆರವಿಗೆ ಅರ್ಹರು. ಬಹಳ ಕಾಲ ಈ ಕೆಲಸ ಮಾಡಿದವರು ಪ್ಯಾನೆಲ್ ವಕೀಲರು, ಅಂದರೆ ಪ್ರಾಧಿಕಾರದ ಪಟ್ಟಿಯಲ್ಲಿರುವ ಖಾಸಗಿ ವಕೀಲರು. ಒಂದೊಂದು ಕೇಸಿಗೆ ಇಷ್ಟು ಅಂತ ಫೀಸು, ಜೊತೆಗೆ ಸ್ವಂತ ಪ್ರಾಕ್ಟೀಸು. ಸ್ವಂತ ಕೇಸು ಇನ್ನೊಂದು ಹಾಲಿನಲ್ಲಿ ಕೂಗಿದರೆ ನೆರವಿನ ಕೇಸಿಗೆ ಡೇಟ್ ಬೀಳುತ್ತಿತ್ತು. ಇದನ್ನು ಸರಿಪಡಿಸಲು ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ 2022ರಲ್ಲಿ ಲೀಗಲ್ ಏಡ್ ಡಿಫೆನ್ಸ್ ಕೌನ್ಸೆಲ್ ಯೋಜನೆ ತಂದಿತು. ನಮ್ಮಲ್ಲಿ ಇದಕ್ಕೆ ಕಾನೂನು ನೆರವು ಅಭಿರಕ್ಷಕರ ಕಚೇರಿ ಎನ್ನುತ್ತಾರೆ. ಇಲ್ಲಿ ಒಬ್ಬರು ಚೀಫ್, ಅವರ ಕೆಳಗೆ ಡೆಪ್ಯುಟಿಗಳು ಮತ್ತು ಅಸಿಸ್ಟೆಂಟ್‌ಗಳು. ಎಲ್ಲರೂ ಪೂರ್ಣಾವಧಿ, ಕ್ರಿಮಿನಲ್ ಕೆಲಸ ಮಾತ್ರ, ಖಾಸಗಿ ಕೇಸು ಹಿಡಿಯುವಂತಿಲ್ಲ.

ಅರ್ಹತೆಯ ಲೆಕ್ಕ ಸರಳ. ಚೀಫ್‌ಗೆ ಕ್ರಿಮಿನಲ್ ಕೆಲಸದಲ್ಲಿ ಕನಿಷ್ಠ 10 ವರ್ಷದ ವಕೀಲಿಕೆ ಮತ್ತು ಸೆಷನ್ಸ್ ಕೋರ್ಟಿನಲ್ಲಿ ಕನಿಷ್ಠ 30 ವಿಚಾರಣೆ ನಡೆಸಿದ ಅನುಭವ ಬೇಕು. ಡೆಪ್ಯುಟಿಗೆ 7 ವರ್ಷ, 20 ವಿಚಾರಣೆ. ಅಸಿಸ್ಟೆಂಟ್‌ಗೆ 0ಯಿಂದ 3 ವರ್ಷ. ಪ್ರಧಾನ ಜಿಲ್ಲಾ ನ್ಯಾಯಾಧೀಶರ ನೇತೃತ್ವದ ಸಮಿತಿ ಆಯ್ಕೆ ಮಾಡುತ್ತದೆ, ರಾಜ್ಯ ಪ್ರಾಧಿಕಾರ ಒಪ್ಪಿಗೆ ಕೊಡಬೇಕು. ನೇಮಕ ಗುತ್ತಿಗೆಯ ಮೇಲೆ: ಮೊದಲು ಎರಡು ವರ್ಷ, ಆಮೇಲೆ ಕೆಲಸ ನೋಡಿ ವರ್ಷ ವರ್ಷ ಮುಂದುವರಿಕೆ. ತಿಂಗಳಿಗೆ ಗೌರವಧನ ಉಂಟು, ಪಿಂಚಣಿ ಇಲ್ಲ. ಮೊತ್ತ ಜಿಲ್ಲೆಯಿಂದ ಜಿಲ್ಲೆಗೆ ಬದಲಾಗುವುದರಿಂದ ನಿಮ್ಮ ಜಿಲ್ಲೆಯ ಅಧಿಸೂಚನೆಯನ್ನೇ ನೋಡಿ.

ಅರ್ಜಿ ಹೆಚ್ಚಾಗಿ ಎಡವುವುದು ಆ 30 ವಿಚಾರಣೆಯಲ್ಲಿ. ಕೇಸು ನಡೆಸಿರುತ್ತೀರಿ, ಆದರೆ ವಕಾಲತ್ತು ಸೀನಿಯರ್ ಹೆಸರಿನಲ್ಲಿರುತ್ತದೆ. ಕೋರ್ಟುಗಳ ಆನ್‌ಲೈನ್ ದಾಖಲೆಯಾದ ಈ-ಕೋರ್ಟ್ಸ್‌ನಲ್ಲಿ ನಿಮ್ಮ ಹೆಸರು ಹಾಕಿ ಹುಡುಕಿದರೆ ಅರ್ಧ ಕೇಸು ಸಿಗುವುದಿಲ್ಲ. ಆಗ ನೋಡಬೇಕಾದದ್ದು ಸಾಕ್ಷಿ ಹೇಳಿಕೆಯ ಹಾಳೆ. “ಪಾಟೀಸವಾಲು: ಆರೋಪಿ ಪರ ಇಂಥ ವಕೀಲರಿಂದ” ಎಂದು ಅದರಲ್ಲಿ ಬರೆದಿರುತ್ತದೆ. ಅದರ ದೃಢೀಕೃತ ನಕಲು ತೆಗೆಸಿ. ಎಸ್‌ಸಿ (ಸೆಷನ್ಸ್ ಕೇಸ್) ನಂಬರು, ಕೋರ್ಟು, ಕಲಮುಗಳು, ನೀವು ಪಾಟೀಸವಾಲು ಮಾಡಿದ ಸಾಕ್ಷಿಗಳು, ತೀರ್ಪಿನ ದಿನಾಂಕ ಇಷ್ಟನ್ನು ಒಂದು ಪಟ್ಟಿಯಲ್ಲಿ ಕೊಡಿ. ಕೊಲೆ, ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧ), ಎನ್‌ಡಿಪಿಎಸ್ (ಮಾದಕವಸ್ತು) ಕೇಸುಗಳು ಮೇಲೆ ಬರಲಿ. ಎಲ್ಲಾ ಸಾಕ್ಷಿಗಳೂ ಪ್ರತಿಕೂಲವಾಗಿ ಬಿಡುಗಡೆಯಾದ ಕೇಸುಗಳನ್ನೇ ತುಂಬಿದರೆ ಸಮಿತಿಗೆ ಅದು ಕೂಡಲೇ ಗೊತ್ತಾಗುತ್ತದೆ.

ಆಯ್ಕೆಯಾದ ಮೇಲೆ ಹಳೇ ಫೈಲುಗಳ ವಿಲೇವಾರಿ. ಸಕಾರಣ ಮತ್ತು ಸಾಕಷ್ಟು ಮುಂಚಿತ ನೋಟಿಸು ಇಲ್ಲದೆ ವಕೀಲರು ಕೇಸಿನಿಂದ ಹಿಂದೆ ಸರಿಯುವಂತಿಲ್ಲ, ದುಡಿಯದ ಫೀಸು ಹಿಂತಿರುಗಿಸಬೇಕು ಎಂದು ಬಾರ್ ಕೌನ್ಸಿಲ್ ನಿಯಮವೇ ಹೇಳುತ್ತದೆ. ಪ್ರತಿಯೊಬ್ಬ ಕಕ್ಷಿದಾರರಿಗೂ ಲಿಖಿತ ಪತ್ರ ಕೊಡಿ, ಫೈಲು ಕೊಟ್ಟದ್ದಕ್ಕೆ ಸಹಿ ಪಡೆಯಿರಿ, ಕೇಸಿನಿಂದ ಸರಿಯುತ್ತಿದ್ದೇನೆಂದು ಕೋರ್ಟಿಗೆ ನಿವೃತ್ತಿ ಮೆಮೊ ಹಾಕಿ. ಜೂನಿಯರ್ ಹೆಸರಿಗೆ ವಕಾಲತ್ತು ಬದಲಿಸಿ ಹಿಂದಿನಿಂದ ನೀವೇ ಕೇಸು ನಡೆಸುವುದು, ಫೀಸಿನಲ್ಲಿ ಪಾಲು ತೆಗೆದುಕೊಳ್ಳುವುದು, ಇವು ಕೆಲಸ ಕಳೆಯುವ ದಾರಿಗಳು. ಸಣ್ಣ ಊರಿನ ಬಾರಿನಲ್ಲಿ ಇಂಥದ್ದು ಯಾವುದೂ ಗುಟ್ಟಾಗಿ ಉಳಿಯುವುದಿಲ್ಲ.

ಇನ್ನು ಚೀಫ್ ಮಾಡುವ ಕೆಲಸಕ್ಕೆ ಬರುತ್ತೇನೆ. ಹೊರಗಿನವರಿಗೆ ಕಾಣುವುದು ಸೆಷನ್ಸ್ ವಾದ. ಒಳಗಿನ ಕೆಲಸ ತಾರೀಖುಗಳದ್ದು. ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ.

ಸಾಮಾನ್ಯ ಕಳ್ಳತನದ ಆರೋಪದಲ್ಲಿ ಒಬ್ಬನನ್ನು ಜುಲೈ 1ರಂದು ಮ್ಯಾಜಿಸ್ಟ್ರೇಟರು ನ್ಯಾಯಾಂಗ ಬಂಧನಕ್ಕೆ ಕೊಟ್ಟರು ಅಂದುಕೊಳ್ಳಿ. ಸುರಕ್ಷಾ ಸಂಹಿತೆಯ 187(3)ರ ಪ್ರಕಾರ ಇಂಥ ಕೇಸಿನಲ್ಲಿ 60 ದಿನದೊಳಗೆ ಚಾರ್ಜ್‌ಶೀಟ್ ಬರಬೇಕು. ಮರಣದಂಡನೆ, ಜೀವಾವಧಿ ಅಥವಾ ಹತ್ತು ವರ್ಷ ಮತ್ತು ಮೇಲ್ಪಟ್ಟ ಶಿಕ್ಷೆಯ ಕೇಸುಗಳಲ್ಲಿ ಮಾತ್ರ 90 ದಿನ. ರಿಮಾಂಡ್ ಕೊಟ್ಟ ದಿನವನ್ನೂ ಸೇರಿಸಿ ಎಣಿಸಬೇಕೆಂದು ಕಪಿಲ್ ವಾಧವಾನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ 2023ರಲ್ಲಿ ಹೇಳಿತು. ಹಾಗಾಗಿ 60ನೇ ದಿನ ಆಗಸ್ಟ್ 29. ಅಷ್ಟರೊಳಗೆ ಚಾರ್ಜ್‌ಶೀಟ್ ಬರದಿದ್ದರೆ ಆಗಸ್ಟ್ 30ರಂದು ಜಾಮೀನು ಅವನ ಹಕ್ಕು, ನ್ಯಾಯಾಧೀಶರ ವಿವೇಚನೆಗೆ ಬಿಟ್ಟದ್ದಲ್ಲ. ಆದರೆ ಚಾರ್ಜ್‌ಶೀಟ್ ಸಲ್ಲಿಕೆಯಾಗುವ ಮುನ್ನ ಅರ್ಜಿ ಹಾಕಿರಬೇಕು. ಅರ್ಜಿ ಆಗಸ್ಟ್ 30ರ ಬೆಳಿಗ್ಗೆ ಫೈಲಾದರೆ ಹಕ್ಕು ಉಳಿಯುತ್ತದೆ. ನಮ್ಮವರು ಮಧ್ಯಾಹ್ನ ಹಾಕೋಣ ಎಂದು ಕೂತು, ಪೊಲೀಸರು ಅಷ್ಟರಲ್ಲಿ ಚಾರ್ಜ್‌ಶೀಟ್ ತಂದು ಕೊಟ್ಟರೆ ಹಕ್ಕು ಹೋಯಿತು.

ಇದು ವಾದದ ಚಾತುರ್ಯಕ್ಕೆ ಸಂಬಂಧಿಸಿದ್ದಲ್ಲ. ಪ್ರತಿ ರಿಮಾಂಡ್ ಆದ ದಿನವೇ 60ನೇ ಅಥವಾ 90ನೇ ದಿನವನ್ನು ರಿಜಿಸ್ಟರಿನಲ್ಲಿ ಬರೆದು, ಎರಡು ದಿನ ಮುಂಚೆ ಅರ್ಜಿ ಟೈಪ್ ಮಾಡಿಸಿ, ಜೈಲಿನಿಂದ ವಕಾಲತ್ತಿಗೆ ಸಹಿ ತರಿಸಿ ಇಟ್ಟುಕೊಂಡಿದ್ದರೆ ಮಾತ್ರ ಆಗುವ ಕೆಲಸ. ಚೀಫ್ ಆದವರು ಈ ರಿಜಿಸ್ಟರನ್ನು ದಿನವೂ ಸ್ವತಃ ನೋಡಬೇಕು. ಅಸಿಸ್ಟೆಂಟ್‌ಗೆ ಬಿಟ್ಟರೆ ಅವರು ರಜೆ ಹಾಕಿದ ದಿನವೇ ಆಗಸ್ಟ್ 30 ಬರುತ್ತದೆ.

ಅದೇ ರಿಜಿಸ್ಟರಿನಲ್ಲಿ ಇನ್ನೆರಡು ಅಂಕಣ ಬೇಕು. ಒಂದು, ಸುರಕ್ಷಾ ಸಂಹಿತೆಯ 479ನೇ ಕಲಮಿನದು. ವಿಚಾರಣಾಧೀನ ಕೈದಿ ಗರಿಷ್ಠ ಶಿಕ್ಷೆಯ ಅರ್ಧ ಕಳೆದಿದ್ದರೆ, ಹಿಂದೆ ಯಾವ ಕೇಸಿನಲ್ಲೂ ಶಿಕ್ಷೆಯಾಗದವನಾದರೆ ಮೂರನೇ ಒಂದು ಭಾಗ ಕಳೆದಿದ್ದರೆ, ಬಿಡುಗಡೆಗೆ ಅರ್ಹ. ಮರಣದಂಡನೆ ಅಥವಾ ಜೀವಾವಧಿಯ ಅಪರಾಧಗಳಿಗೆ ಇದು ಸಿಗದು. ಅವನ ಮೇಲೆ ಬೇರೆ ಕೇಸುಗಳಿದ್ದರೂ ತೊಡಕು, ಆದ್ದರಿಂದ ಎಲ್ಲಾ ಕೇಸುಗಳ ವಿವರ ಮೊದಲೇ ಜೈಲಿನಿಂದ ತರಿಸಿಕೊಳ್ಳಬೇಕು. ಇನ್ನೊಂದು, ಜಾಮೀನು ಸಿಕ್ಕಿಯೂ ಹೊರಬರದವರದು. ಆದೇಶವಾಗಿ ಏಳು ದಿನವಾದರೂ ಕೈದಿ ಬಿಡುಗಡೆಯಾಗದಿದ್ದರೆ ಜೈಲಿನವರು ಜಿಲ್ಲಾ ಪ್ರಾಧಿಕಾರಕ್ಕೆ ತಿಳಿಸಬೇಕೆಂದು ಸುಪ್ರೀಂ ಕೋರ್ಟ್ 2023ರ ಜನವರಿ 31ರಂದು ಹೇಳಿದೆ. ಒಂದು ತಿಂಗಳೊಳಗೆ ಮುಚ್ಚಳಿಕೆ ಕೊಡಲಾಗದಿದ್ದರೆ ಷರತ್ತು ಸಡಿಲಿಸುವುದನ್ನು ಕೋರ್ಟೇ ಪರಿಗಣಿಸಬಹುದು. ಕಾರಣ ಬಹುತೇಕ ಒಂದೇ: ಪಹಣಿ ಹಿಡಿದು ಬರುವ ಜಾಮೀನುದಾರ ಇಲ್ಲ. ಹೊರ ರಾಜ್ಯದಿಂದ ಕೂಲಿಗೆ ಬಂದವನಿಗೆ ಈ ಊರಿನಲ್ಲಿ ಜಮೀನಿರುವ ಪರಿಚಯಸ್ಥ ಎಲ್ಲಿ ಸಿಗಬೇಕು? ಅಂಥವನಿಗೆ ಸ್ವಂತ ಮುಚ್ಚಳಿಕೆ ಅಥವಾ ನಗದು ಭದ್ರತೆ ಕೇಳಿ ಅರ್ಜಿ ಹಾಕಬೇಕು. ಇದನ್ನು ಕೇಳದೆ ಬಿಟ್ಟ ಕಚೇರಿ ಜಾಮೀನು ಕೊಡಿಸಿದೆ ಎಂದು ಅಂಕಿ ತೋರಿಸಬಹುದು, ಆದರೆ ಮನುಷ್ಯ ಒಳಗೇ ಇರುತ್ತಾನೆ. ನನ್ನ ಮಟ್ಟಿಗೆ ಅದು ಅರ್ಧ ಕೆಲಸವೂ ಅಲ್ಲ.

ಕೇಸು ಹಂಚುವುದರಲ್ಲೂ ತಪ್ಪುಗಳಾಗುತ್ತವೆ. ಒಂದೇ ಕೇಸಿನಲ್ಲಿ ಎ1, ಎ2 (ಮೊದಲ, ಎರಡನೇ ಆರೋಪಿ) ಇಬ್ಬರೂ ನೆರವು ಕೇಳಿ ಒಬ್ಬರ ಮೇಲೊಬ್ಬರು ಹೊರಿಸುತ್ತಿದ್ದರೆ, ಇಬ್ಬರನ್ನೂ ಒಂದೇ ಕಚೇರಿ ಹಿಡಿಯಬಾರದು. ಒಬ್ಬನನ್ನು ಪ್ಯಾನೆಲ್ ವಕೀಲರಿಗೆ ಕೊಡುವಂತೆ ಜಿಲ್ಲಾ ಪ್ರಾಧಿಕಾರದ ಕಾರ್ಯದರ್ಶಿಗೆ ಆರಂಭದಲ್ಲೇ ಬರೆಯಬೇಕು. ಸಾಕ್ಷಿ ಶುರುವಾದ ಮೇಲೆ ಬರೆದರೆ ಅಷ್ಟರಲ್ಲಿ ಇಬ್ಬರ ಗುಟ್ಟೂ ನಿಮ್ಮ ಫೈಲಿನಲ್ಲಿರುತ್ತದೆ. ಗಂಭೀರ ಕೇಸಿಗೆ ಎಳೆಯರನ್ನು ಕಳಿಸುವುದಂತೂ ಕೂಡದು. ಜೀವಾವಧಿ ಅಥವಾ ಮರಣದಂಡನೆ ಸಾಧ್ಯವಿರುವ ಕೇಸುಗಳಿಗೆ ಕನಿಷ್ಠ 10 ವರ್ಷದ ವಕೀಲರೇ ಬೇಕು, ತಯಾರಿಗೆ ಸಾಮಾನ್ಯವಾಗಿ ಕನಿಷ್ಠ ಏಳು ದಿನ ಕೊಡಬೇಕು ಎಂದು ಅನೋಖಿಲಾಲ್ ಪ್ರಕರಣದಲ್ಲಿ 2019ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಇದನ್ನೇ ನೆಪ ಮಾಡಿಕೊಂಡು ಸೆಷನ್ಸ್ ಕೇಸುಗಳನ್ನೆಲ್ಲ ಚೀಫ್ ತಾವೇ ಇಟ್ಟುಕೊಂಡು, ಅಸಿಸ್ಟೆಂಟ್‌ಗಳನ್ನು ಡೇಟ್ ತೆಗೆದುಕೊಳ್ಳಲು ಮಾತ್ರ ಬಳಸುವ ಕಚೇರಿಗಳೂ ಇವೆ. ಎರಡು ವರ್ಷವಾದರೂ ಅಲ್ಲಿನ ಹುಡುಗರಿಗೆ ಒಂದು ಮಹಜರು ಸಾಕ್ಷಿಯ ಪಾಟೀಸವಾಲು ಮಾಡಲು ಬರುವುದಿಲ್ಲ. ಚೀಫ್ ಒಂದು ವಾರ ಕಾಯಿಲೆ ಬಿದ್ದರೆ ಕಚೇರಿಯೇ ನಿಂತುಹೋಗುತ್ತದೆ.

ಈಗ “ಮುಂದೇನು” ಎಂಬುದಕ್ಕೆ ಬರೋಣ. ಸಂವಿಧಾನದ 233ನೇ ವಿಧಿಯಡಿ ಜಿಲ್ಲಾ ನ್ಯಾಯಾಧೀಶರ ನೇರ ನೇಮಕಾತಿಗೆ 7 ವರ್ಷದ ವಕೀಲಿಕೆ ಬೇಕು, ಕನಿಷ್ಠ ವಯಸ್ಸು 35. ಇಪ್ಪತ್ತನಾಲ್ಕರಲ್ಲಿ ಸನ್ನದು ಪಡೆದವರು ಮೂವತ್ತನಾಲ್ಕಕ್ಕೆ ಚೀಫ್ ಆಗಬಹುದು. ಅಂದರೆ ಹುದ್ದೆಯಲ್ಲಿದ್ದಾಗಲೇ ಪರೀಕ್ಷೆಯ ವಯಸ್ಸು ಬರುತ್ತದೆ. ಗೌರವಧನ ಪಡೆದ ಅವಧಿ ವಕೀಲಿಕೆಯಾಗಿ ಎಣಿಕೆಯಾಗುತ್ತದೆಯೇ ಎಂಬ ಅನುಮಾನ ಹಲವರಿಗಿದೆ. ಸರ್ಕಾರಿ ಅಭಿಯೋಜಕರ ವಿಷಯದಲ್ಲಿ ದೀಪಕ್ ಅಗರ್‌ವಾಲ್ ಪ್ರಕರಣ 2013ರಲ್ಲಿ ಇದೇ ಪ್ರಶ್ನೆ ಎತ್ತಿತ್ತು. ಕೋರ್ಟಿನಲ್ಲಿ ನಿಂತು ಕೇಸು ನಡೆಸುವವರು ವಕೀಲರಾಗಿಯೇ ಉಳಿಯುತ್ತಾರೆ ಎಂಬುದು ಅದರ ತಿರುಳು. ಅದೇ ತರ್ಕ ಇಲ್ಲಿಗೂ ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ. ಆದರೂ ಪ್ರತಿ ಅಧಿಸೂಚನೆಯನ್ನೂ ಓದಿ, ಹಾಜರಾತಿಯ ದಾಖಲೆ ಇಟ್ಟುಕೊಳ್ಳಿ. ಮತ್ತೊಂದು ದಾರಿ ಎದುರು ಪಾಳೆಯ: ಪಬ್ಲಿಕ್ ಪ್ರಾಸಿಕ್ಯೂಟರ್‌ಗೆ 7 ವರ್ಷ, ವಿಶೇಷ ಅಭಿಯೋಜಕರಿಗೆ 10 ವರ್ಷದ ವಕೀಲಿಕೆ ಸಾಕು. ಮೂರನೆಯದು ಸ್ವಂತ ಪ್ರಾಕ್ಟೀಸಿಗೆ ಮರಳುವುದು. ಅಲ್ಲಿ ಮೊದಲ ಆರು ತಿಂಗಳು ಕಷ್ಟವೇ, ಕೈಯಲ್ಲಿ ಅಷ್ಟು ದಿನದ ಮನೆಖರ್ಚು ಇಟ್ಟುಕೊಂಡೇ ಈ ಕೆಲಸಕ್ಕೆ ಬನ್ನಿ.

ಅಸಿಸ್ಟೆಂಟ್‌ಗಳಿಗೆ ಲಾಭ ಇನ್ನೂ ನೇರ. ಸಿವಿಲ್ ಜಡ್ಜ್ ಹುದ್ದೆಗೆ ಮೂರು ವರ್ಷದ ವಕೀಲಿಕೆ ಕಡ್ಡಾಯವೆಂದು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ, ದಿನವೂ ಕೋರ್ಟಿನಲ್ಲಿ ನಿಲ್ಲಿಸುವ ಇಂಥ ಜಾಗದ ಬೆಲೆ ಹೆಚ್ಚಿದೆ.

ಕೊರತೆ ಇರುವುದು ಕಚೇರಿಯೊಳಗಿನ ಏಣಿಯಲ್ಲಿ. ಅಮೆರಿಕದಲ್ಲಿ ಇಂಥ ಕಚೇರಿಗೆ ನೂರು ವರ್ಷ ದಾಟಿದೆ. ಕ್ಲಾರಾ ಫೋಲ್ಟ್ಸ್ ಎಂಬ ವಕೀಲೆ 1893ರಲ್ಲಿ ಮುಂದಿಟ್ಟ ಕಲ್ಪನೆ 1914ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಕಚೇರಿಯಾಯಿತು. ಅದರ ಮೊದಲ ಮುಖ್ಯಸ್ಥ ವಾಲ್ಟನ್ ವುಡ್ ಮುಂದೆ ನ್ಯಾಯಾಧೀಶರಾದರು. ವಾಷಿಂಗ್ಟನ್ನಿನ ಕಚೇರಿ ನಡೆಸಿದ ಬಾರ್ಬರಾ ಬ್ಯಾಬ್‌ಕಾಕ್ ಅಲ್ಲಿಂದ ಸ್ಟ್ಯಾನ್‌ಫರ್ಡ್‌ಗೆ ಪಾಠ ಹೇಳಲು ಹೋದರು, ಆಮೇಲೆ ನ್ಯಾಯ ಇಲಾಖೆಯ ಸಿವಿಲ್ ವಿಭಾಗದ ಮುಖ್ಯಸ್ಥೆಯಾದರು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಈ ಹುದ್ದೆಗೆ ಚುನಾವಣೆಯೇ ನಡೆಯುತ್ತದೆ. ಅಲ್ಲಿ ವರ್ಷಗಟ್ಟಲೆ ಕೆಳಗಿನ ಹುದ್ದೆಯಲ್ಲಿ ದುಡಿದ ಜೆಫ್ ಅಡಾಚಿ, ಹೊಸ ಮುಖ್ಯಸ್ಥರು ಕೆಲಸದಿಂದ ತೆಗೆದಾಗ ಅವರ ವಿರುದ್ಧವೇ ನಿಂತು 2002ರಲ್ಲಿ ಗೆದ್ದರು, 2019ರಲ್ಲಿ ತೀರಿಕೊಳ್ಳುವವರೆಗೂ ಆ ಕುರ್ಚಿಯಲ್ಲಿದ್ದರು. ಚುನಾವಣೆ ನಮಗೆ ಹೊಂದುವುದಿಲ್ಲ. ಆದರೆ ಅಸಿಸ್ಟೆಂಟ್ ಆಗಿ ಬಂದವರು ಅಲ್ಲೇ ಬೆಳೆದು ಚೀಫ್ ಆಗುವ ದಾರಿ ನಮ್ಮಲ್ಲೂ ಬೇಕು. ಈಗಿನ ಲೆಕ್ಕದಲ್ಲಿ ಮೂರು ವರ್ಷ ದಾಟಿದವರು ಅಸಿಸ್ಟೆಂಟ್ ಹುದ್ದೆಗೆ ಹೊಸದಾಗಿ ಅರ್ಜಿ ಹಾಕುವಂತಿಲ್ಲ, ಏಳಾಗದೆ ಡೆಪ್ಯುಟಿ ಆಗುವಂತಿಲ್ಲ. ನಡುವಿನ ನಾಲ್ಕು ವರ್ಷದಲ್ಲಿ ಒಳ್ಳೊಳ್ಳೆಯವರು ಕೈಬಿಟ್ಟು ಹೋಗುತ್ತಾರೆ. ಆರು ತಿಂಗಳಿಗೊಮ್ಮೆ ಮೌಲ್ಯಮಾಪನ ಮಾಡಲು ಪ್ರಾಧಿಕಾರಕ್ಕೆ ಆಗುತ್ತದೆ ಎಂದಮೇಲೆ, ಅದರ ಆಧಾರದಲ್ಲಿ ಬಡ್ತಿ ಕೊಡುವುದೂ ಆಗಬೇಕು.

ಅರ್ಜಿ ಹಾಕುವ ಮುನ್ನ ಜಿಲ್ಲಾ ಪ್ರಾಧಿಕಾರದ ಕಾರ್ಯದರ್ಶಿಯನ್ನು ಕಂಡು ಕೆಲವು ವಿಷಯ ಕೇಳಿಕೊಳ್ಳಿ. ಮಂಜೂರಾದ ಡೆಪ್ಯುಟಿ, ಅಸಿಸ್ಟೆಂಟ್ ಹುದ್ದೆ ಎಷ್ಟು, ಭರ್ತಿಯಾಗಿರುವುದು ಎಷ್ಟು? ಗೌರವಧನ ತಿಂಗಳು ತಿಂಗಳು ಬರುತ್ತಿದೆಯೇ? ಟೈಪಿಸ್ಟ್ ಇದ್ದಾರೆಯೇ, ಕಕ್ಷಿದಾರರ ಜೊತೆ ಗುಟ್ಟಾಗಿ ಮಾತಾಡಲು ಕೋಣೆ ಇದೆಯೇ? ಜೈಲಿಗೆ ಹೋಗಿಬರಲು ವಾಹನ ಯಾರು ಕೊಡುತ್ತಾರೆ? ಹಿಂದಿನ ಚೀಫ್ ಯಾಕೆ ಬಿಟ್ಟರು ಎಂಬುದನ್ನು ಅವರನ್ನೇ ಕೇಳಿ, ಕಾರ್ಯದರ್ಶಿಯನ್ನಲ್ಲ. ನೇಮಕದ ಆದೇಶ ಕೈಗೆ ಬರುವವರೆಗೆ ಒಂದು ವಕಾಲತ್ತನ್ನೂ ಬಿಡಬೇಡಿ. ಆಯ್ಕೆ ಪಟ್ಟಿಯಲ್ಲಿ ಹೆಸರು ಬಂದರೂ ರಾಜ್ಯ ಪ್ರಾಧಿಕಾರದ ಒಪ್ಪಿಗೆ ಬಾಕಿ ಇರುತ್ತದೆ.